ಸೆಪಾಳ ಎರಡು ಕೈ

ಒಂದಾನೊಂದು ಕಾಲದಲ್ಲಿ ಒಬ್ಬ ದೊರೆಗೆ ಕೈಗಳು ಬೇಕಾದವು.

ದುಡಿಯುವ ಕೈಗಳು ಅವನ ರಾಜ್ಯದಲ್ಲಿ ಬೇಕಾದಷ್ಟಿದ್ದವು. ಅವನಿಗೆ ಬೇಕಾದದ್ದು ಎತ್ತಿದ ಕೈಗಳು. ಅವನು ಒಂದು ಬೆಳಿಗ್ಗೆ ಎದ್ದು, ಇನ್ನು ಮೇಲೆ ನಾನು ಆಡಿದ್ದೇ ಕಾನೂನು ಎಂದು ರೇಡಿಯೋದಲ್ಲಿ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಅವನಿಗೇ ಕೊಂಚ ಅಳುಕಾಯಿತು. ಕಾನೂನು ಎಂದಮೇಲೆ ಜನ ಒಪ್ಪಿದಂತೆ ಕಾಣಬೇಕಲ್ಲ. ಆದ್ದರಿಂದ ಕೈ ತರಲು ಊರೂರಿಗೆ ಆಳು ಕಳಿಸಿದ.

ಅಜ್ಜಿಯರ ಕಥೆಗಳಲ್ಲಿ ಇಂಥ ಹೊತ್ತಿಗೆ ಒಬ್ಬ ರಾಜಕುಮಾರಿ ಬರುತ್ತಾಳೆ. ಮನಿಲಾ ಬಂದರಿನ ಹಿಂದಿನ ಕಾಲುವೆ ದಂಡೆಯಲ್ಲಿ ರಾಜಕುಮಾರಿಯರು ಇರಲಿಲ್ಲ. ಇದ್ದವಳು ಸೆಪಾ. ಬಟ್ಟೆ ಒಗೆಯುವವಳು. ಕುಕ್ಕರುಗಾಲಿನಲ್ಲಿ ಕೂತೂ ಕೂತೂ ಮಂಡಿಗಳು ಗಂಟು ಕಟ್ಟಿದ್ದವು. ಸೋಪಿನ ಖಾರಕ್ಕೆ ಬೆರಳ ಸಂದುಗಳು ಬಿರಿದಿದ್ದವು. ಉಗುರುಗಳು ನೀಲಿ ಹಾಕಿದ ನೀರಿನಲ್ಲಿ ನೆನೆದು ಸತ್ತವರ ಉಗುರಿನ ಬಣ್ಣಕ್ಕೆ ತಿರುಗಿದ್ದವು. ದೊರೆಯ ಕಥೆಗೆ ಕೈ ಬೇಕೆಂದರೆ ಇವೇ ಕೈ. ಬೇರೆ ಇರಲಿಲ್ಲ.

ದೊರೆಯನ್ನು ಅಧ್ಯಕ್ಷರು ಎಂದು ಕರೆಯಬೇಕಿತ್ತು. ಅಧ್ಯಕ್ಷರ ಆಜ್ಞೆಗಳು ದಿನಕ್ಕೊಂದು ಬರುತ್ತಿದ್ದವು. ಗುಂಪು ಸೇರಬಾರದು. ರಾತ್ರಿ ಹೊರಗೆ ಬರಬಾರದು. ಮುಷ್ಕರ ಮಾಡಬಾರದು. ಗಾಳಿಸುದ್ದಿ ಹಬ್ಬಿಸಬಾರದು. ಕೊನೆಯದನ್ನು ಕೇಳಿ ಬೋರಿನ ಬಳಿ ಬಟ್ಟೆ ಒಗೆಯುವ ಹೆಂಗಸರು ಗಾಬರಿಯಾದರು. ಬಾಯಿ ಮುಚ್ಚಿಕೊಂಡು ಬಟ್ಟೆ ಬಡಿಯುವುದು ಅವರಿಗೆ ಬರುತ್ತಿರಲಿಲ್ಲ. ಒಂದಿಡೀ ಬೆಳಿಗ್ಗೆ ಪ್ರಯತ್ನಿಸಿದರು. ಸೆಪಾಳಿಗೆ ಹೊಟ್ಟೆ ಉಬ್ಬರಿಸಿತು.

ಅವಳ ಗಂಡ ಕುಲಾಸ್ ಬಂದರಿನಲ್ಲಿ ಮೂಟೆ ಹೊರುವವನು. ಜೊತೆಯವನೊಬ್ಬ ಮೂಟೆಯಡಿ ಸಿಕ್ಕಿ ಬೆನ್ನು ಮುರಿದುಕೊಂಡ ದಿನ ಕುಲಾಸ್ ತನ್ನ ಹೆಗಲ ಮೇಲಿದ್ದ ಮೂಟೆಯನ್ನು ಕೆಳಗಿಟ್ಟ. ಅಷ್ಟೇ ಮಾಡಿದ್ದು. ಇಟ್ಟು, ಅದರ ಮೇಲೆ ಕೂತ. ಅವನನ್ನು ನೋಡಿ ಉಳಿದವರೂ ಕೂತರು. ಕೂರುವುದು ಮುಷ್ಕರವೆಂದು ಕುಲಾಸನಿಗೆ ಗೊತ್ತಿರಲಿಲ್ಲ. ಜೀಪಿನಲ್ಲಿ ಬಂದವರಿಗೆ ಗೊತ್ತಿತ್ತು. ಅವನನ್ನು ಸೇನೆಯ ಕ್ಯಾಂಪಿಗೆ ಒಯ್ದರು. ಕೇಸಿಲ್ಲ, ಕೋರ್ಟಿಲ್ಲ. ಒಯ್ದರು.

ಕೈ ಒಟ್ಟುಮಾಡುವವರು ಬಂದದ್ದು ಆಮೇಲೆ.

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಊರನ್ನು ಕೂರಿಸಿದರು. ಗುಂಪು ಸೇರಬಾರದೆಂಬ ಆಜ್ಞೆ ಇತ್ತು, ಸೇರಲೇಬೇಕೆಂಬ ಆಜ್ಞೆಯೂ ಬಂದಿತ್ತು. ನಮ್ಮ ದಂಡೆಯ ಮುಖ್ಯಸ್ಥ ಕಪಿತಾನ್ ಮಕಾರ್ಯೊ ಮೈಕು ಹಿಡಿದು ಒಂದು ಕಾಗದ ಓದಿದ. ಪಕ್ಕದಲ್ಲಿ ಕ್ಯಾಂಪಿನ ಲೆಫ್ಟಿನೆಂಟ್ ನಿಂತಿದ್ದ. ಕೋವಿ ಹಿಡಿದವರು ಕಂಬಕ್ಕೊಬ್ಬರಂತೆ ನಿಂತಿದ್ದರು. ಪತ್ರಿಕೆಯ ಫೋಟೋದವನೂ ಇದ್ದ.

"ಸಾರ್ವಭೌಮರಾದ ಪ್ರಜೆಗಳೇ," ಎಂದು ಶುರುಮಾಡಿದ ಕಪಿತಾನ್.

ಸೆಪಾ ಹಿಂದಕ್ಕೆ ತಿರುಗಿ ನೋಡಿದಳು, ದೊಡ್ಡವರು ಯಾರೋ ಬಂದಿರಬೇಕೆಂದು.

"ನಿನ್ನೇ ಕಣೇ ಅಂತಿರೋದು," ಎಂದಳು ಟೆಕ್ಲಾ. ಬೋರಿನ ಬಳಿ ಸೆಪಾಳ ಪಕ್ಕದ ಕಲ್ಲು ಅವಳದು, ನಾಲಿಗೆ ಮಾತ್ರ ಊರಿನದು.

"ನಾನಾ? ಬೆಳಿಗ್ಗೆಯಿಂದ ಆ ಮಕಾರ್ಯೊನ ಚಡ್ಡಿ ಒಗೀತಿದ್ದೆ."

"ಒಗೀರಿ, ಸಾರ್ವಭೌಮರೇ, ಒಗೀರಿ. ಪಟ್ಟಿ ಕಡೆ ಸ್ವಲ್ಪ ಜಾಸ್ತಿ ಉಜ್ಜಿ."

ಹೊಸ ಸಂವಿಧಾನ ಒಪ್ಪಿಗೆಯೇ ಎಂದು ಕಪಿತಾನ್ ಕೇಳಿದ. ಯಾರೂ ಅಲುಗಲಿಲ್ಲ. ವಿರೋಧದಿಂದಲ್ಲ, ಪ್ರಶ್ನೆ ಅರ್ಥವಾಗಿರಲಿಲ್ಲ. ಮತ್ತೊಮ್ಮೆ ಕೇಳಿದ. ಒಬ್ಬ ಮುದುಕ ಸೊಳ್ಳೆ ಹೊಡೆಯಲು ಕೈ ಎತ್ತಿದ, ಫೋಟೋದವನು ಓಡಿದ, ಅಷ್ಟರಲ್ಲಿ ಕೈ ಇಳಿದಿತ್ತು. ಲೆಫ್ಟಿನೆಂಟ್ ಕಪಿತಾನನ ಕಿವಿಯಲ್ಲಿ ಏನೋ ಹೇಳಿದ. ಕಪಿತಾನ್ ಮೈಕು ಸರಿಮಾಡಿಕೊಂಡ.

"ಅಕ್ಕಿ ಯಾರಿಗೆ ಬೇಕು?"

ಆ ವರ್ಷ ಪ್ರವಾಹದಲ್ಲಿ ಭತ್ತವೆಲ್ಲ ಕೊಳೆತು ಹೋಗಿತ್ತು. ಜೋಳದ ನುಚ್ಚು ಬೆರೆಸಿದ ಅನ್ನ ತಿಂದು ಊರಿನ ಮಕ್ಕಳ ಹೊಟ್ಟೆ ಕೋಳಿಮರಿಗಳ ಹಾಗೆ ಚಿಂವ್‌ಗುಟ್ಟುತ್ತಿತ್ತು. ಸೆಪಾ ಒಂದು ದಿನ ಲೆಫ್ಟಿನೆಂಟನ ಸಮವಸ್ತ್ರಕ್ಕೆ ಹಾಕಲು ಕಾಸಿದ್ದ ಮರಗೆಣಸಿನ ಗಂಜಿಯನ್ನೇ ಕುಡಿದಿದ್ದಳು. ಅಂಗಿಯನ್ನು ಇಷ್ಟು ನೆಟ್ಟಗೆ ನಿಲ್ಲಿಸುವ ಗಂಜಿ ತನ್ನ ಬೆನ್ನನ್ನೂ ನಿಲ್ಲಿಸೀತೆಂದು ಕಾದಳು. ನಿಲ್ಲಿಸಲಿಲ್ಲ.

ಅಂಗಳದಲ್ಲಿ ಎಲ್ಲರ ಕೈ ಮೇಲೆದ್ದವು. ಸೆಪಾ ಎರಡೂ ಕೈ ಎತ್ತಿದಳು. ಕಾಲ ತುದಿಯಲ್ಲಿ ನಿಂತು ಎತ್ತಿದಳು. ಹಲ್ಲು ಕಿರಿದು ಎತ್ತಿದಳು. ಫೋಟೋದವನು ಅವಳ ಮುಂದೆ ಮಂಡಿಯೂರಿದ. ಅವಳ ಮುಂದೆ ಗಂಡಸೊಬ್ಬ ಮಂಡಿಯೂರಿದ್ದು ಅದೇ ಮೊದಲು. ಇನ್ನಷ್ಟು ಹಲ್ಲು ಬಿಟ್ಟಳು.

ಅಕ್ಕಿ ಬರಲಿಲ್ಲ.

ಭಾನುವಾರ ಕ್ಯಾಂಪಿನಲ್ಲಿ ಭೇಟಿ. ಸೆಪಾ ಒಂದೇ ಗಂಟಿನಲ್ಲಿ ಎರಡು ಬಗೆಯ ಬಟ್ಟೆ ಒಯ್ಯುತ್ತಿದ್ದಳು. ಗಂಡನ ಹರಕು ಅಂಗಿ ಕೆಳಗೆ. ಗಂಡನನ್ನು ಹಿಡಿದವರ ಅಂಗಿಗಳು ಮೇಲೆ, ಮಡಿಕೆ ಕೆಡಬಾರದೆಂದು. ಆ ಮಡಿಕೆಗಳ ಬಗ್ಗೆ ಅವಳಿಗೆ ಹೆಮ್ಮೆ ಬೇರೆ ಇತ್ತು. ತಂತಿಬೇಲಿಯ ಪಕ್ಕ ಸೈನಿಕರು ಸಾಲಾಗಿ ನಡೆದಾಗ, ನನ್ನ ಇಸ್ತ್ರಿ ಹೇಗೆ ನಿಂತಿದೆ ನೋಡು ಎಂದು ಒಮ್ಮೆ ಕುಲಾಸನಿಗೇ ತೋರಿಸಿದ್ದಳು.

ಆ ಭಾನುವಾರ ಮೂಲೆಯಂಗಡಿಯಿಂದ ಒಣಮೀನು ಕಟ್ಟಿಸಿಕೊಂಡು ಬಂದಿದ್ದಳು. ಕುಲಾಸ್ ಬೇಲಿಯ ಆಚೆ ಕೂತು ಪೊಟ್ಟಣ ಬಿಚ್ಚಿದ. ಬಿಚ್ಚಿದವನು ತಿನ್ನಲಿಲ್ಲ.

"ಏನೇ ಇದು?"

"ಒಣಮೀನು. ಎಷ್ಟು ದಿನ ಆಯ್ತೋ ನೋಡಿ, ಮರ್ತೇ ಹೋಗಿದೆ ನಿಂಗೆ."

"ಮೀನಲ್ಲ ಮಾರಾಯ್ತಿ. ಮೀನಿನ ಸುತ್ತ ಇರೋದು."

ಪತ್ರಿಕೆಯ ಹಾಳೆಯನ್ನು ತಂತಿಗೆ ಒತ್ತಿ ಹಿಡಿದ. ಎಣ್ಣೆ ಜಿಡ್ಡಿನ ಮಧ್ಯೆ ಒಬ್ಬ ಹೆಂಗಸು ಎರಡೂ ಕೈ ಎತ್ತಿ ನಿಂತಿದ್ದಳು. ಒಸಡು ಕಾಣುವ ಹಾಗೆ ನಗುತ್ತಿದ್ದಳು.

ಸೆಪಾ ಬಗ್ಗಿ ನೋಡಿದಳು. "ನಾನಾ ಇದು? ಇಷ್ಟು ದಪ್ಪ ಇದೀನಾ?"

"ದಪ್ಪ ಆಮೇಲೆ. ಕೆಳಗೆ ಏನು ಬರ್ದಿದಾರೆ ಕೇಳು." ಅವನು ಅಕ್ಷರ ಕೂಡಿಸಿಕೊಂಡು ಓದಿದ. "ಹೊಸ ಸಂವಿಧಾನಕ್ಕೆ ಜನರ ತುಂಬು ಒಪ್ಪಿಗೆ. ಸಂತೋಷ ತಡೆಯಲಾರದೆ ಎರಡೂ ಕೈ ಎತ್ತಿದ ಗೃಹಿಣಿ."

"ಸಂವಿಧಾನ ಅಂತ ಯಾರಂದ್ರು? ಅಕ್ಕಿ ಅಂದ್ರು."

"ಎರಡು ಕೈ ಯಾಕೆ ಎತ್ತಿದೆ?"

"ಒಂದು ನಂದು, ಒಂದು ನಿಂದು. ನೀನು ಇಲ್ಲಿದೀಯ ಅಂತ ನಿನ್ನ ಪಾಲು ಬಿಟ್ಬಿಡ್ಲಾ?"

ಕುಲಾಸ್ ಹಾಳೆಯನ್ನು ತಂತಿಯಿಂದ ಇಳಿಸಿದ. "ಒಳಗೆ ಒಬ್ಬ ವಕೀಲನ್ನೂ ಹಾಕಿದಾರೆ. ಅವನು ಹೇಳ್ತಿದ್ದ. ಅಧ್ಯಕ್ಷರು ಇದುವರೆಗೆ ಹೊರಡಿಸಿದ ಆಜ್ಞೆ ಎಲ್ಲಾ ಸರಿ ಅಂತ ಈ ಸಂವಿಧಾನದಲ್ಲೇ ಬರ್ದಿದಾರಂತೆ. ನನ್ನ ಒಳಗೆ ಹಾಕಿದ್ದೂ ಸರಿ. ಅಂದ್ರೆ ನಾನೇ ಕೈಯೆತ್ತಿ ನನ್ನ ಒಳಗೆ ಹಾಕಿಸ್ಕೊಂಡಿದೀನಿ. ಹೆಂಡ್ತಿ ಕೈಯಲ್ಲಿ."

ಹೇಳುತ್ತಾ ಹೇಳುತ್ತಾ ಅವನಿಗೆ ನಗು ಬಂತು. ತಡೆಯಲಾರದ ನಗು. ಸೆಪಾಳೂ ನಗಬೇಕೆಂದು ಬಾಯಿ ತೆರೆದಳು. ಆಗ ಕಂಡಿತು. ಕುಲಾಸನ ಮುಂದಿನ ಹಲ್ಲುಗಳು ಇರಲಿಲ್ಲ. ಇಷ್ಟು ಭಾನುವಾರ ಅವನು ತುಟಿ ಮುಚ್ಚಿಕೊಂಡೇ ಮಾತಾಡಿದ್ದ. ಅವನು ಗಂಭೀರನಾಗಿದ್ದಾನೆ, ಒಳಗೆ ಹೋಗಿ ಬುದ್ಧಿ ಬಂದಿದೆ ಎಂದು ಅವಳು ಬೋರಿನ ಬಳಿ ಹೇಳಿಕೊಂಡು ತಿರುಗಿದ್ದಳು.

ಪಹರೆಯವನು ಬಂದು ಪತ್ರಿಕೆಯ ಹಾಳೆಯನ್ನು ಕಿತ್ತುಕೊಂಡ. ಅವನ ಕಾಲರಿನಲ್ಲಿ ಅವಳ ಗಂಜಿ. "ಏ, ನಗು ಸಾಕು."

ಕುಲಾಸ್ ಬಾಯಿ ಮುಚ್ಚಿದ. ತಂತಿಯ ಕಿಂಡಿಯಿಂದ ಅವಳ ಬೆರಳು ಹಿಡಿದ. "ಸೆಪಾ, ಆ ಎರಡು ಕೈ ವಾಪಸ್ ತಗೊಂಬಾ."

"ತರ್ತೀನಿ," ಎಂದಳು. ಉಪ್ಪು ತರ್ತೀನಿ ಅನ್ನುವ ಹಾಗೆ ಅಂದಳು.

ಗೇಟಿನ ಬಳಿ ಲೆಫ್ಟಿನೆಂಟ್ ಇದ್ದ. ಅವಳು ಅವನ ಅಂಗಿಗಳ ಗಂಟು ಕೊಟ್ಟು ಕೇಳಿದಳು. "ಸಾರ್, ಯಾವ ಕಾನೂನಲ್ಲಿ ಇಟ್ಕೊಂಡಿದೀರಿ ನನ್ನ ಗಂಡನ್ನ?"

"ನೀನು ಮಾಡಿದ ಕಾನೂನಲ್ಲಿ," ಎಂದ ಲೆಫ್ಟಿನೆಂಟ್. ಗದರಲಿಲ್ಲ. ಸಾವಧಾನವಾಗಿಯೇ ಹೇಳಿದ. "ಜನ ಮಾಡಿದ ಕಾನೂನಮ್ಮ. ನಾವು ಬರೀ ಕಾವಲಿನವರು. ಇನ್ನೊಂದು ಮಾತು. ಕೈದಿಗೆ ಪತ್ರಿಕೆ ತಲುಪಿಸೋದು ಅಪರಾಧ. ಮುಂದಿನ ವಾರದಿಂದ ನಿನಗೆ ಭೇಟಿ ಇಲ್ಲ."

"ಅದು ಮೀನಿನ ಪೊಟ್ಟಣ ಸಾರ್. ಪತ್ರಿಕೆನೂ ನಿಮ್ದೇ. ಅದರಲ್ಲಿರೋದೂ ನಿಮ್ಗೆ ಬೇಕಾದ್ದೇ."

"ಬಟ್ಟೆ ಮಾತ್ರ ತಪ್ಪದೆ ತಂದುಕೊಡು," ಎಂದ.

ಅವಳು ಮನೆಗೆ ಹೋಗಲಿಲ್ಲ, ನೇರ ಕಪಿತಾನನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಹುಂಜದ ಮೈ ನೀವುತ್ತಿದ್ದ.

"ಕಪಿತಾನ್, ನನ್ನ ಕೈ ವಾಪಸ್ ಬೇಕು."

"ಯಾವ ಕೈ?"

"ಅವತ್ತು ಎತ್ತಿದ್ದು. ಎರಡು."

ಮಕಾರ್ಯೊ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಎರಡೂ ನಿನ್ನ ಹತ್ರನೇ ಇವೆಯಲ್ಲಮ್ಮ. ಇನ್ನೆಷ್ಟು ಬೇಕು? ಎತ್ತಿದ್ದು ಎತ್ತಿದ್ದೇ. ವಾಪಸ್ ಕೊಡೋಕೆ ಕಾನೂನಿಲ್ಲ."

ಬೋರಿನ ಬಳಿ ಇದನ್ನು ಹೇಳಿದಾಗ ಟೆಕ್ಲಾ ಬಟ್ಟೆ ಬಡಿಯುವ ಕೋಲು ಕೆಳಗಿಟ್ಟಳು. "ಅಲ್ಲಾ, ಹೋಗಿ ಕೇಳಿದ್ಯಾ? ಹಂಗೇ ಗಂಡನ ಹಲ್ಲೂ ಕೇಳ್ಕೊಂಡು ಬರಬಾರ್ದಾಗಿತ್ತಾ?" ಎಂದಳು. ಆಮೇಲೆ ಸೆಪಾಳ ಮುಖ ನೋಡಿ, ಕೋಲು ಎತ್ತಿಕೊಂಡು ಕ್ಯಾಂಪಿನ ಒಂದು ಪ್ಯಾಂಟನ್ನು ಹಿಗ್ಗಾಮುಗ್ಗಾ ಬಡಿದಳು. ಗುಂಡಿಗಳು ಹಾರಿದವು. ಗುಂಡಿಗಳನ್ನು ಹುಡುಕಿ ಮತ್ತೆ ಹೊಲಿದವಳು ಸೆಪಾಳೇ.

ಮಳೆ ಹಿಡಿಯಿತು. ಕಾಲುವೆ ಮನೆಯೊಳಗೆ ಬಂದು ಹೋಗತೊಡಗಿತು. ಅಷ್ಟರಲ್ಲಿ ದೊರೆಗೆ ಮತ್ತೆ ಕೈ ಬೇಕಾದವು. ಅವಧಿ ಮುಗಿದ ಮೇಲೂ ಅಧ್ಯಕ್ಷರು ಮುಂದುವರಿಯಬೇಕೆ, ಇದು ಈ ಸಲದ ಪ್ರಶ್ನೆ. ಕಪಿತಾನ್ ಕೊಡೆ ಹಿಡಿದು ಬೋರಿನ ಬಳಿಗೇ ಬಂದ. ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ತನ್ನ ಚಡ್ಡಿ ಎಲ್ಲಿ ಶುದ್ಧವಾಗುತ್ತದೆಂದು ನೋಡಿದ.

"ಸೆಪಾ, ನಿನ್ನ ಫೋಟೋ ಮೇಲಿನವರಿಗೆ ಹಿಡಿಸಿದೆ. ಫೋಟೋದವನು ನಿನ್ನನ್ನೇ ಕೇಳ್ಕೊಂಡು ಬರ್ತಿದಾನೆ. ಈ ಸಲನೂ ಹಂಗೇ, ಎರಡೂ ಕೈ, ನಗ್ತಾ."

ಅವಳು ಉಜ್ಜುತ್ತಲೇ ಇದ್ದಳು.

ಅವನು ಕೊಡೆಯನ್ನು ಅವಳ ತಲೆಯ ಮೇಲಕ್ಕೂ ಸ್ವಲ್ಪ ಸರಿಸಿದ. "ಲೆಫ್ಟಿನೆಂಟ್ ಮಾತು ಕೊಟ್ಟಿದಾರೆ. ಸಭೆ ಸರಿಯಾಗಿ ಆದ್ರೆ ಕುಲಾಸ್ ಅದೇ ವಾರ ಮನೇಲಿರ್ತಾನೆ. ಆಗದೇ ಇದ್ರೆ ಅವನ್ನ ದೂರದ ದ್ವೀಪದ ಜೈಲಿಗೆ ಕಳಿಸ್ತಾರೆ. ನೀನೇ ಯೋಚ್ನೆ ಮಾಡು."

ಅವನು ಹೋದ ಮೇಲೆ ಟೆಕ್ಲಾ ಕೇಳಿದಳು. "ಏನ್ಮಾಡ್ತೀಯ?"

"ಏನೂ ಮಾಡಲ್ಲ," ಎಂದಳು ಸೆಪಾ. "ಬೇಕು ಅಂದ್ರೆ ಕುಲಾಸ್ ನನ್ನ ಮುಖ ನೋಡಲ್ಲ. ಬೇಡ ಅಂದ್ರೆ ನಾನು ಕುಲಾಸನ ಮುಖ ನೋಡಲ್ಲ. ಅದಕ್ಕೇ ಪಾಸ್ಮ ಅಂತೀನಿ."

ಇದು ಅವಳ ಜೀವನದಲ್ಲಿ ಅವಳಿಗೆ ಹೊಳೆದ ಮೊದಲ ಉಪಾಯ. ಅವಳಿಗೇ ಆಶ್ಚರ್ಯವಾಯಿತು.

ಪಾಸ್ಮ ಎಂದರೆ ನಮ್ಮಲ್ಲಿ ಯಾರೂ ನಗುವುದಿಲ್ಲ. ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಬಿಸಿಯಾದ ಕೈಗೆ ತಣ್ಣೀರು ಸೋಕಬಾರದು, ಮಳೆಗಾಳಿ ತಾಕಬಾರದು. ತಾಕಿದರೆ ನರ ಉಬ್ಬುತ್ತದೆ, ಕೈ ನಡುಗಲು ಶುರುವಾಗುತ್ತದೆ, ಆಮೇಲೆ ಸೂಜಿಗೆ ದಾರ ಪೋಣಿಸಲೂ ಆಗದು. ಇಸ್ತ್ರಿ ಮಾಡಿದ ಹೆಂಗಸು ಮಾರನೆಯ ಬೆಳಗಿನವರೆಗೂ ಕೈ ತೊಳೆಯುವುದಿಲ್ಲ. ಡಾಕ್ಟರುಗಳು ಇದನ್ನು ನಂಬುವುದಿಲ್ಲ, ಆದರೆ ಅವರ ಮನೆಯಲ್ಲೂ ಇಸ್ತ್ರಿಯವಳಿಗೆ ಆ ಸಂಜೆ ಪಾತ್ರೆ ತೊಳೆ ಎನ್ನುವುದಿಲ್ಲ.

ಸಭೆಯ ದಿನ ಮಧ್ಯಾಹ್ನ ಬೋರಿನ ಹೆಂಗಸರೆಲ್ಲ ಇಸ್ತ್ರಿಗೆ ಕೂತರು. ಸುಳ್ಳು ನೆಪ ಹೇಳುವುದು ಅವರಿಗೆ ತಿಳಿದಿರಲಿಲ್ಲ. ನೆಪಕ್ಕಾಗಿ ನಿಜವಾಗಿಯೇ ದುಡಿದರು. ಕೆಂಡ ಊದಿದರು, ಬಾಳೆಲೆಯ ಮೇಲೆ ಪೆಟ್ಟಿಗೆಯ ತಳ ಉಜ್ಜಿದರು, ಕ್ಯಾಂಪಿನ ಅಂಗಿಗಳನ್ನೆಲ್ಲ ಮುಗಿಸಿದರು. ಇಷ್ಟು ಚೆನ್ನಾಗಿ, ಇಷ್ಟು ಬೇಗ ಸೈನ್ಯದ ಕೆಲಸ ಹಿಂದೆಂದೂ ಆಗಿರಲಿಲ್ಲ. ಕೈಗೆ ಚಿಂದಿ ಸುತ್ತಿಕೊಂಡು, ದಂಗೆ ಎದ್ದವರ ಠೀವಿಯಲ್ಲಿ, ಅಂಗಳಕ್ಕೆ ನಡೆದರು.

ಜಿಟಿಜಿಟಿ ಮಳೆ. ಸೆಪಾ ಗಂಜಿ ಹಾಕಿದ ಬಿಳಿಯ ಅಂಗಿಯಲ್ಲಿ ಕಪಿತಾನ್ ನಿಂತಿದ್ದ. ಕಾಲರು ಆಗಲೇ ಮೆತ್ತಗಾಗುತ್ತಿತ್ತು. ಅವನು ಕಾಗದ ಓದಿ, ಅಧ್ಯಕ್ಷರು ಮುಂದುವರಿಯಬೇಕು ಎನ್ನುವವರು ಕೈ ಎತ್ತಿ ಎಂದ. ಹಿಂದಿನ ಸಾಲಿನಲ್ಲಿ ಅಂಗಡಿಯವರು, ಅವನ ಭಾವಮೈದುನರು ಎತ್ತಿದರು. ಮುಂದೆ ಕೂತಿದ್ದ ಹೆಂಗಸರು ಚಿಂದಿ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಕೈ, ಕೈ," ಎಂದ ಕಪಿತಾನ್.

"ಪಾಸ್ಮ, ಕಪಿತಾನ್," ಎಂದಳು ಟೆಕ್ಲಾ. "ಈಗಷ್ಟೇ ಇಸ್ತ್ರಿ ಮುಗಿಸಿ ಬಂದ್ವಿ. ನಿಮ್ಮ ಅಂಗಿನೇ. ಮಳೇಲಿ ಹೆಂಗೆ ಎತ್ತೋದು?"

"ಎಲ್ಲರಿಗೂನಾ?"

"ಎಲ್ಲರಿಗೂ."

ಕೋವಿ ಹಿಡಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಿಗೂ ತಾಯಂದಿರಿದ್ದರು. ಫೋಟೋದವನು ಕ್ಯಾಮೆರಾ ಒರೆಸಿಕೊಂಡ. ಸೆಪಾಳಿಗೆ ಒಳಗೊಳಗೇ ಕಚಗುಳಿಯಾಯಿತು. ದೊರೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಸೋಲಿಸಿದೆ ಎಂದುಕೊಂಡಳು. ಮುಂದೆ ಮೊಮ್ಮಕ್ಕಳಿಗೆ ಇದನ್ನು ಹೇಗೆ ಹೇಳುವುದೆಂದೂ ಯೋಚಿಸಿದಳು.

ಆಗ ಲೆಫ್ಟಿನೆಂಟ್ ಮೈಕು ತೆಗೆದುಕೊಂಡ.

"ಪಾಪ, ಯಾರೂ ಕೈ ಎತ್ತೋದು ಬೇಡ," ಎಂದ. "ಪ್ರಶ್ನೆ ತಿರುಗಿಸಿ ಕೇಳ್ತೀನಿ. ಅಧ್ಯಕ್ಷರು ಬೇಡ ಅನ್ನೋರು ಮಾತ್ರ ಎತ್ತಿ. ಎತ್ತದೇ ಇದ್ದೋರೆಲ್ಲ ಒಪ್ಪಿದ ಹಾಗೆ."

ತಗಡಿನ ಮೇಲೆ ಮಳೆ ಬೀಳುವುದು ಕೇಳಿಸಿತು.

"ಸೆಪಾ," ಎಂದಳು ಟೆಕ್ಲಾ ಮೆಲ್ಲಗೆ. "ನಮ್ಮ ಕೈ ನಾವೇ ಕಟ್ಕೊಂಡು ಬಂದ್ವಲ್ಲೇ."

ಸೆಪಾ ತನ್ನ ಮಡಿಲನ್ನು ನೋಡಿದಳು. ಎಷ್ಟು ಅಚ್ಚುಕಟ್ಟಾಗಿ ಸುತ್ತಿದ್ದಳು. ಗಂಟು ಕೂಡ ಹಾಕಿದ್ದಳು. ಬೇರೆ ಯಾವ ದೇಶದ ಹೆಂಗಸರಿಗೆ ಇಂಥ ಉಪಾಯ ಹೊಳೆದೀತು. ಅಧ್ಯಕ್ಷರು ಹಗ್ಗ ಕಳಿಸುವ ಖರ್ಚೂ ಉಳಿಯಿತು.

ಕಪಿತಾನ್ ಇಳಿದು ಬಂದು ಅವಳ ಮುಂದೆ ಬಗ್ಗಿದ. ದನಿ ಇಳಿಸಿದ. "ದೇವರು ನಿನ್ನ ಕಡೆ ಇದಾನೆ ಸೆಪಾ. ಈಗ ನೀನು ನಗೋದೂ ಬೇಡ. ಸುಮ್ನೆ ಕೂತ್ಕೋ. ಕುಲಾಸ್ ಮನೆಗೆ ಬರ್ತಾನೆ. ಏನೂ ಮಾಡದೇ ಕೂತಿರೋದು, ಅಷ್ಟೇ. ಅದೂ ಕಷ್ಟನಾ ನಿಂಗೆ?"

ಕಷ್ಟವಲ್ಲ. ಅದೇ ಅವಳ ಉಪಾಯವೂ ಆಗಿತ್ತು. ಏನೂ ಮಾಡದಿರುವುದು. ಅವಳು ಕುಲಾಸ್ ಮನೆಗೆ ಬಂದದ್ದನ್ನು ಮನಸ್ಸಿನಲ್ಲೇ ಕಂಡಳು. ಚಾಪೆಯ ಮೇಲೆ ಕೂರುತ್ತಾನೆ. ಅನ್ನ ಬಡಿಸುತ್ತಾಳೆ. ಹಲ್ಲಿಲ್ಲದ ಬಾಯಿಂದ ನಿಧಾನ ಅಗಿಯುತ್ತಾನೆ. ಬೈಯುವುದಿಲ್ಲ. ಏನನ್ನೂ ಕೇಳುವುದಿಲ್ಲ. ಬೆಳಿಗ್ಗೆ ಎದ್ದು ಮೂಟೆ ಹೊರಲು ಹೋಗುತ್ತಾನೆ, ಮೂಟೆಯಡಿ ಯಾರು ಬಿದ್ದರೂ ಇನ್ನು ಮೇಲೆ ಅವನು ಕೂರುವುದಿಲ್ಲ. ತುಟಿ ಮುಚ್ಚಿಕೊಂಡೇ ಇರುತ್ತಾನೆ. ಸೆಪಾಳಿಗೆ ಆ ಮುಚ್ಚಿದ ತುಟಿಯನ್ನು ನೋಡಲಾಗಲಿಲ್ಲ.

ಮೊಣಕಾಲು ನಡುಗುತ್ತಿತ್ತು. ಪಾಸ್ಮ ಕೈಗೆ ಬರಬೇಕಾದ್ದು, ಕಾಲಿಗೆ ಬಂದಿದೆ ಎಂದುಕೊಂಡಳು. ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಚಿಂದಿ ಸಡಿಲವಾಯಿತು. ಕೈಯ ಬಿಸಿ ಇನ್ನೂ ಹಾಗೇ ಇತ್ತು.

"ಬೇಡ ಕಣೇ," ಎಂದಳು ಟೆಕ್ಲಾ. "ದುಡಿಯೋ ಕೈ."

ಸೆಪಾ ಎದ್ದು ನಿಂತು ಬಲಗೈ ಎತ್ತಿದಳು. ಮಳೆ ಬಿಸಿ ಚರ್ಮದ ಮೇಲೆ ಸೂಜಿಗಳ ಹಾಗೆ ಇಳಿಯಿತು. ಬಿರಿದ ಬೆರಳ ಸಂದುಗಳು ಉರಿದವು. ಕೈಯನ್ನು ಕೆಳಗಿಳಿಸಲಿಲ್ಲ.

"ಏನಮ್ಮ ಅದು?" ಎಂದ ಲೆಫ್ಟಿನೆಂಟ್ ಮೈಕಿನಲ್ಲಿ.

"ಬೇಡ," ಎಂದಳು.

"ಏನು ಬೇಡ? ಅಕ್ಕಿ ಬೇಡವಾ?"

"ಅಕ್ಕಿ ಬೇಕು ಸಾರ್. ಅದನ್ನ ಬೇರೆ ಕೇಳಿ. ಈಗ ಕೇಳಿದ್ದಕ್ಕೆ ಬೇಡ."

"ನಿನ್ನ ಗಂಡ ಎಲ್ಲಿದಾನೆ ಗೊತ್ತು ತಾನೆ?"

"ಗೊತ್ತು. ಅವನ ಹಲ್ಲು ಎಲ್ಲಿದೆ ಅನ್ನೋದು ನಿಮ್ಗೆ ಗೊತ್ತು."

ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಒಬ್ಬ ಸೈನಿಕ ಎರಡು ಹೆಜ್ಜೆ ಮುಂದೆ ಬಂದು, ಲೆಫ್ಟಿನೆಂಟನ ಮುಖ ನೋಡಿ, ನಿಂತ. ಊರೆಲ್ಲ ನೋಡುತ್ತಿತ್ತು. ಲೆಫ್ಟಿನೆಂಟ್ ಮೈಕನ್ನು ಕಪಿತಾನನ ಕೈಗೆ ಕೊಟ್ಟುಬಿಟ್ಟ, ಬಿಸಿ ಪಾತ್ರೆ ದಾಟಿಸುವ ಹಾಗೆ.

"ಕೈ ಇಳ್ಸು ಸೆಪಾ," ಎಂದ ಕಪಿತಾನ್. "ನೋಡಿದ್ವಿ. ಆಯ್ತು. ಇಳ್ಸು."

"ನೋಡಿದ್ರೆ ಸಾಲ್ದು, ಕಪಿತಾನ್. ಎಣಿಸಿ."

"ಎಣಿಸೋಕೇನಿದೆ ಇದ್ರಲ್ಲಿ."

"ಅವತ್ತು ಎಣಿಸಿದ್ರಲ್ಲ. ಇವತ್ತೂ ಎಣಿಸಿ. ಜೋರಾಗಿ."

ಅವನು ಲೆಫ್ಟಿನೆಂಟನನ್ನು ನೋಡಿದ. ಲೆಫ್ಟಿನೆಂಟ್ ಕಾಲುವೆಯನ್ನು ನೋಡುತ್ತಿದ್ದ. ಕಪಿತಾನನ ಕಾಲರು ಮಳೆಗೆ ಪೂರ್ತಿ ಬಿದ್ದುಹೋಗಿತ್ತು, ಗಂಜಿ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಮೈಕು ಅವನ ಬಾಯಿಯ ಬಳಿಯೇ ಇತ್ತು.

"ಒಂದು," ಎಂದ.

ಸೆಪಾ ಎಡಗೈಯ ಚಿಂದಿಯನ್ನೂ ಬಿಚ್ಚಿ ಎತ್ತಿದಳು.

"ಇದು ಕುಲಾಸಂದು," ಎಂದಳು.

ಕಪಿತಾನ್ ಕಣ್ಣು ಮುಚ್ಚಿಕೊಂಡ. ತುಟಿಗಳು ಮಾತ್ರ ಅಲುಗಿದವು, ಆದರೆ ಮೈಕು ಎಲ್ಲವನ್ನೂ ಹಿಡಿಯುತ್ತಿತ್ತು.

"ಎರಡು."

ಕಾಲುವೆಯ ಆಚೆ ದಂಡೆಗೂ ಅದು ಕೇಳಿಸಿತು.